ಮಧ್ಯಾಹ್ನ ಮೂರರ ತಪಾಸಣೆ

ಪಲ್ಲವಿ, ಮಹೇಶ,

ಕಳೆದ ತಿಂಗಳು ಪಲ್ಲವಿ ನನ್ನ ಫೋನಿಗೆ ಒಂದು ವರದಿ ಕಳಿಸಿದಳು. ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಅವಳು ಸಂಶೋಧಕರ ಒಂದು ಗುಂಪಿಗೂ ಸೇರಿದ್ದಾಳೆ. ಬೇರೆ ಬೇರೆ ಕಾಲೇಜು, ಆಸ್ಪತ್ರೆಗಳಲ್ಲಿ ಇರುವವರು, ಒಂದೇ ವಿಷಯದಲ್ಲಿ ಆಸಕ್ತಿ ಇಟ್ಟುಕೊಂಡವರು ತಿಂಗಳಿಗೊಮ್ಮೆ ಕೂಡಿ ಓದುತ್ತಾರಂತೆ, ಚರ್ಚೆ ಮಾಡುತ್ತಾರಂತೆ, ಮುಂದೆ ಏನು ಹುಡುಕಬೇಕೆಂದು ನಿರ್ಧರಿಸುತ್ತಾರಂತೆ. ವರದಿಯ ಕೆಳಗೆ ಅವಳು ಬರೆದಿದ್ದಳು: "ಆಯಿ, ಇದು ನಿನ್ನ ಮುಂಡಗೋಡ ಕಡೀದ ಐತಿ ನೋಡು. ಮುಂದಿನ ಸಭಾದಾಗ ಇದನ್ನ ಓದಿ ಹೇಳೂದು ನನ್ನ ಪಾಳಿ."

ವರದಿ ಇಂಗ್ಲಿಷಿನಲ್ಲಿದೆ. ಅಕ್ಷರ ಕೂಡಿಸಿ ಓದುವಷ್ಟು ಇಂಗ್ಲಿಷ್ ನನಗೆ ಬರುತ್ತದೆ, ಅಷ್ಟೇ. ಆದರೆ ನಾಲ್ಕನೆಯ ಪುಟದಲ್ಲಿರುವ ದುಂಡು ಚಿತ್ರವನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. ರೊಟ್ಟಿಯನ್ನು ತುಂಡು ತುಂಡು ಮಾಡಿ ಒಂದೊಂದಕ್ಕೂ ಬಣ್ಣ ಹಚ್ಚಿದಂತಿದೆ ಅದು. ಎಲ್ಲಕ್ಕಿಂತ ದೊಡ್ಡ ತುಂಡು ಹಳದಿ. ಗರ್ಭಿಣಿಯರು ತಪಾಸಣೆಗೆ ಯಾಕೆ ಬರುವುದಿಲ್ಲ ಎಂಬ ಪ್ರಶ್ನೆಗೆ ಆ ಹಳದಿ ಉತ್ತರ ಕೊಡುತ್ತದೆ: ಅರಿವಿನ ಕೊರತೆ.

ಆ ಹಳದಿಯಲ್ಲಿ ಒಂದು ಪಾಲು ನಾನು ತುಂಬಿದ್ದು. ಅದು ಸುಳ್ಳು. ನಾಲ್ಕು ಜನರ ನಡುವೆ ಬಾಯಿ ಬಿಡುವುದು ನನಗೆ ಎಂದೂ ಆಗಲಿಲ್ಲ, ಫೋನಿನಲ್ಲಿ ಹೇಳಲು ಹೋದರೂ ಬೇರೆ ಮಾತಿಗೆ ಹೊರಳುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವರು ಕಾಮಾಲೆಯಾಗಿ ತೀರಿಕೊಂಡಾಗ ನನ್ನ ಮಗಳು, ನಿಮ್ಮ ಅವ್ವ, ಮೂರು ವರ್ಷದವಳು. ಕಲಘಟಗಿ ಕಡೆಯ ನಮ್ಮೂರ ಶಾಲೆಯಲ್ಲಿ ನಾನು ಹತ್ತನೆಯ ಇಯತ್ತೆ ಪಾಸಾಗಿದ್ದೆ. ಅದೊಂದು ಕಾಗದ ಕೈಯಲ್ಲಿತ್ತು. ತರಬೇತಿ ಮುಗಿಸಿ ಕಿರಿಯ ಆರೋಗ್ಯ ಸಹಾಯಕಿ ಆದೆ. ಜನ ಆ ಉದ್ದ ಹೆಸರಿಂದ ಕರೆಯುವುದಿಲ್ಲ, ನರ್ಸ್ ಬಾಯಿ ಅನ್ನುತ್ತಾರೆ. ಮೊದಲ ಊರು ಜೋಯಿಡಾ ಕಾಡಿನೊಳಗಿನದು. ಅಲ್ಲಿ ಮನೆಮಾತು ಕೊಂಕಣಿ, ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಮನೆ ಮನೆಗೆ ಹೋಗಿ ಕೈಸನ್ನೆ ಮಾಡಿ, ಬೆವರು ಒರೆಸಿಕೊಂಡು, ಬರೆದುಕೊಂಡು ಬರುತ್ತಿದ್ದೆ.

ಅಲ್ಲಿ ನನ್ನ ಮೇಲಿನವರು ಶಾಂತಾಬಾಯಿ. ಬೆಳಗಾವಿ ಕಡೆಯವರು, ದಪ್ಪ ದನಿ, ಕಾಲಿಗೆ ಗಂಡಸರ ಚಪ್ಪಲಿ. ಬಯ್ಯಲು ಶುರು ಮಾಡಿದರೆ ಅರ್ಧ ಮರಾಠಿಯಲ್ಲಿ ಬಯ್ಯುತ್ತಿದ್ದರು. ಅವರು ಮೊದಲ ದಿನ ಹೇಳಿದ್ದು ಇದು: "ಹೋದ ಕೂಡ್ಲೇ ಪುಸ್ತಕ ತೆಗೀಬ್ಯಾಡ. ಕುಡಿಯಾಕ ನೀರು ಕೇಳು. ಅವರ ನೀರು ಕುಡದ ಮ್ಯಾಲೆ ಪೆನ್ನು ತಗಿ."

ಒಮ್ಮೆ ನಾನು ಬಸುರಿಯರಿಗೆ ಕಬ್ಬಿಣದ ಗುಳಿಗೆ ಹಂಚಿ ಬಂದೆ. ರಜಿಸ್ಟರಿನಲ್ಲಿ ಎಲ್ಲರ ಹೆಸರಿನ ಮುಂದೆ "ಸೇವಿಸಿದ್ದಾರೆ" ಎಂದು ಚಂದವಾಗಿ ಬರೆದೆ. ಶಾಂತಾಬಾಯಿ ಅದನ್ನು ಓದಿ, ಎದ್ದು, ನನ್ನನ್ನು ಕರೆದುಕೊಂಡು ಹೊರಟರು. ಮೊದಲ ಮನೆಯ ಹೆಂಗಸಿನ ಹತ್ತಿರ ನೀರು ಕೇಳಿ ಕುಡಿದು, ಗೋಡೆಯ ಗೂಡಿನಲ್ಲಿ ಕೈಯಾಡಿಸಿದರು. ಗುಳಿಗೆಯ ಪೊಟ್ಟಣ ಹಾಗೇ ಇತ್ತು. ಎರಡನೆಯ ಮನೆಯಲ್ಲಿ ಅಕ್ಕಿ ಡಬ್ಬಿಯ ಹಿಂದೆ ಸಿಕ್ಕಿತು. ಮೂರನೆಯ ಮನೆಗೆ ಹೋಗುವ ಮೊದಲೇ ನನಗೆ ಅಳು ಬಂತು.

"ಹಂಚಿದ್ದು ನೀ ನೋಡಿದಿ," ಅಂದರು. "ನುಂಗಿದ್ದು ಯಾರು ನೋಡ್ಯಾರ?"

ಆಮೇಲೆ ಬರೆಯಲು ತಮ್ಮ ಕೆಂಪು ಶಾಯಿಯ ಪೆನ್ನು ಕೊಟ್ಟರು. ತಪ್ಪಿದ್ದನ್ನು ಅಳಿಸಬಾರದು, ಹಾಳೆ ಹರಿಯಬಾರದು. ಅದರ ಮೇಲೆ ಕೆಂಪು ಗೆರೆ ಎಳೆಯಬೇಕು. ಪಕ್ಕದಲ್ಲಿ ನಿಜವಾದದ್ದನ್ನು ಬರೆಯಬೇಕು. ತಪ್ಪು ಬರೆದವರು ಅಲ್ಲೇ ತಮ್ಮ ಪೂರ್ತಿ ಹೆಸರು ಹಾಕಬೇಕು. ಇದು ಅವರ ಪದ್ಧತಿ. ಆ ಪುಟ ತುಂಬ ನನ್ನ ಹೆಸರು ಬರೆಯುವಾಗ ನೆಲ ಬಿರಿಯಬಾರದೇ ಅನ್ನಿಸಿತು. ಮತ್ತೆ ಮನೆ ಮನೆ ಅಲೆದು, ಕೈಸನ್ನೆಯಲ್ಲಿ ಕೇಳಿದಾಗ ಗೊತ್ತಾಯಿತು. ಅವರು ಬೆಳಿಗ್ಗೆ ಗಂಜಿ ಕುಡಿಯದೆ ಕಾಡಿಗೆ ಹೋಗುತ್ತಿದ್ದರು. ನಾನು ಬೆಳಿಗ್ಗೆಯೇ ನುಂಗಿ ಎಂದಿದ್ದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಂತಿ. ಊಟದ ಮೇಲೆ ನುಂಗಲು ಹೇಳಿದೆ, ನುಂಗಿದರು. ಇಷ್ಟೇ ಇತ್ತು ವಿಷಯ. ಯಾರೂ ದಡ್ಡರಿರಲಿಲ್ಲ, ನನ್ನ ಹೊರತು.

ಶಾಂತಾಬಾಯಿ ನಿವೃತ್ತರಾದ ಮೇಲೆ ಆ ಕೆಂಪು ಪೆನ್ನು ನನಗೆ ಕೊಟ್ಟು ಹೋದರು. ಹಳಿಯಾಳದಲ್ಲಿ ಕೆಲವು ವರ್ಷ ಕಳೆದೆ, ಅಲ್ಲಿಯೂ ಅದನ್ನು ಬಳಸಿದೆ. ಕಡೆಗೆ ಮುಂಡಗೋಡ ತಾಲೂಕಿನ ಒಂದು ಉಪಕೇಂದ್ರಕ್ಕೆ ವರ್ಗವಾಯಿತು. ಪಾಳಾ ರಸ್ತೆಯಿಂದ ಒಳಗೆ ಹೋಗಬೇಕು ಎಂದಷ್ಟೇ ಹೇಳುತ್ತೇನೆ, ಊರ ಹೆಸರು ಬೇಡ.

ಆ ಉಪಕೇಂದ್ರಕ್ಕೆ ಸೇರಿದ ಒಂದು ಕೇರಿ ಕಾಡಿನ ಆಚೆ ಇತ್ತು. ಸಿದ್ದಿಯರ ಕೆಲವೇ ಮನೆಗಳು. ಕ್ರಿಸ್ತರು, ಹಿಂದೂಗಳು ಬೆರೆತು ಇದ್ದರು. ನಾಲ್ಕು ಕಿಲೋಮೀಟರು ಕಾಲುದಾರಿ. ಹೆಂಗಸರು ಗದ್ದೆ ಕೆಲಸ ಮಾಡುತ್ತಿದ್ದರು, ಗೋವಿನಜೋಳದ ಕಾಲದಲ್ಲಿ ಟಿಬೆಟನ್ ಕಾಲೊನಿಯ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದರು. ಅಲ್ಲಿಯ ರೋಜಿ ಎಂಬವಳ ವಿಷಯವೇ ನಾನು ಹೇಳಬೇಕಾದದ್ದು. ಆಗ ಅವಳಿಗೆ ಮದುವೆಯಾಗಿ ಎರಡು ವರ್ಷ. ಉದ್ದಕ್ಕೆ ಗಟ್ಟಿಮುಟ್ಟಾದ ಹೆಣ್ಣು, ಮಾತು ಚುರುಕು. ಗಂಡ ಜುವಾಂವ ಅವಳ ಮುಂದೆ ಮಾತೇ ಆಡುತ್ತಿರಲಿಲ್ಲ, ಆಡಿದರೆ ಅವಳು ಅದನ್ನೇ ತಿರುಗಿಸಿ ನಗಿಸುತ್ತಿದ್ದಳು.

ಗುರುವಾರ ನಮ್ಮಲ್ಲಿ ಲಸಿಕೆ. ಬೆಳಿಗ್ಗೆ ಮಕ್ಕಳಿಗೆ ಸೂಜಿ, ಮಧ್ಯಾಹ್ನ ಬಸುರಿಯರ ತಪಾಸಣೆ. ಡಾಕ್ಟರರ ಜೀಪು ಇನ್ನೊಂದು ಊರು ಮುಗಿಸಿ ಬರುವುದು ಮೂರು ಗಂಟೆಗೆ. ತೂಕ, ರಕ್ತ, ಬಿ.ಪಿ., ಹೊಟ್ಟೆ ನೋಡುವುದು, ಎಲ್ಲ ಅವರು ಬಂದ ಮೇಲೆಯೇ. ಹಾಗೆಂದು ಮೇಲಿಂದ ಬರೆದುಬಂದಿತ್ತು. ಸಾಲಿನಲ್ಲಿ ಕಡೆಯವಳು ಹೊರಡುವಾಗ ಐದು ದಾಟುತ್ತಿತ್ತು.

ಪಲ್ಲವಿಯದರಂಥದೇ ಒಂದು ಗುಂಪಿನ ಕರೆ ನನಗೆ ಬಂದದ್ದು ಆಗ. ದೊಡ್ಡ ಊರಿನ ಒಂದು ಕಾಲೇಜಿನವರು ಹಲವು ಗುಂಪು ಕಟ್ಟಿದ್ದರು. ಹಾವು ಕಚ್ಚಿದವರ ಬಗ್ಗೆ ಒಂದು, ಸಕ್ಕರೆ ಕಾಯಿಲೆಯ ಗಾಯದ ಬಗ್ಗೆ ಒಂದು, ತಾಯಿ ಮಗುವಿನ ಬಗ್ಗೆ ಒಂದು. ಪ್ರತಿ ಗುಂಪಿನಲ್ಲಿ ಹಳ್ಳಿಯ ಕೆಲಸದವರೂ ಒಬ್ಬರು ಇರಬೇಕು ಎಂದು ನಿಯಮ. ತಾಯಿ ಮಗುವಿನ ಗುಂಪಿಗೆ ನನ್ನ ಹೆಸರು ಹೋಯಿತು, ಯಾಕೆಂದರೆ ಮೀಟಿಂಗಿನಲ್ಲಿ ನಾನು ಎದುರು ಮಾತಾಡುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಆ ಯೋಚನೆ ಒಳ್ಳೆಯದೇ. ಒಬ್ಬ ಡಾಕ್ಟರಿಗೆ ಕಂಡದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ಎಲ್ಲರೂ ಒಂದು ಕಡೆ ಕೂತರೆ ಗೊತ್ತಾಗುತ್ತದೆ. ಮೊದಲ ಸಭೆಗೆ ನಾನು ಹೊಸ ಸೀರೆ ಉಟ್ಟು ಹೋಗಿದ್ದೆ. ಗುಂಪಿನ ಮುಖ್ಯಸ್ಥೆ ಒಬ್ಬ ಡಾಕ್ಟರ್ ಮೇಡಂ. ಎದ್ದು ಬಂದು ಕೈ ಹಿಡಿದು ಕೂರಿಸಿದರು, ನಮ್ಮ ಕಣ್ಣು ಕಿವಿ ನೀವೇ ಎಂದರು. ಅಲ್ಲಿಂದ ಮುಂದೆ ಮೂರು ತಾಸು ಇಂಗ್ಲಿಷಿನಲ್ಲಿ ನಡೆಯಿತು. ಕಣ್ಣು ಕಿವಿ ಎಂದರು, ಬಾಯಿಯ ಮಾತು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆಮೇಲಿನ ಸಭೆಗಳು ಫೋನಿನಲ್ಲೇ ಆಗುತ್ತಿದ್ದವು. ನಾನು ದನಿ ಬಂದ್ ಮಾಡಿಕೊಂಡು ಕೂರುತ್ತಿದ್ದೆ.

ಅವರ ಪ್ರಶ್ನೆ ಸರಿಯಾದದ್ದೇ ಆಗಿತ್ತು. ಏಳು ತಿಂಗಳಾದ ಮೇಲೆ ಬಸುರಿಯರು ತಪಾಸಣೆ ಯಾಕೆ ಬಿಡುತ್ತಾರೆ? ಬಿ.ಪಿ. ಏರುವುದು, ಕಾಲು ಬಾವು ಬರುವುದು, ತಲೆ ಸಿಡಿಯುವುದು ಆಗಲೇ. ಅದನ್ನು ಹಿಡಿಯದಿದ್ದರೆ ಸೆಳವು ಬರುತ್ತದೆ, ತಾಯಿ ಉಳಿದರೆ ಮಗು ಇಲ್ಲ, ಕೆಲವು ಸಲ ಎರಡೂ ಇಲ್ಲ. ಇದನ್ನು ಹುಡುಕಲು ನಮಗೆ ಒಂದೊಂದು ಟ್ಯಾಬ್ ಕೊಟ್ಟರು. ಪ್ರತಿ ಮನೆಯಲ್ಲಿ ಕೇಳಿ, ಉತ್ತರದ ಮೇಲೆ ಬೆರಳು ಒತ್ತಬೇಕು.

ಕಾರಣಗಳನ್ನು ಅವರೇ ಬರೆದಿದ್ದರು. ಅರಿವಿನ ಕೊರತೆ. ಮೂಢನಂಬಿಕೆ. ಮನೆಯವರ ವಿರೋಧ. ಬಡತನ. ದೂರ. ಆರೋಗ್ಯ ಸಿಬ್ಬಂದಿಯ ವರ್ತನೆ. ಕೊನೆಗೆ ಇತರೆ. ದೂರ ಎಂಬುದನ್ನು ಒತ್ತಿದರೆ ಎಷ್ಟು ಕಿಲೋಮೀಟರು ಎಂದು ಕೇಳುತ್ತಿತ್ತು, ಐದಕ್ಕಿಂತ ಕಡಿಮೆ ಬರೆದರೆ ಒಪ್ಪುತ್ತಿರಲಿಲ್ಲ. ಇತರೆ ಒತ್ತಿದರೆ ಟೈಪು ಮಾಡಬೇಕು, ಅದೂ ಇಂಗ್ಲಿಷಿನಲ್ಲಿ. ಯಾವುದನ್ನೂ ಒತ್ತದಿದ್ದರೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ನಮ್ಮ ತಾಲೂಕಿನ ಮೇಲ್ವಿಚಾರಕರು ಮೊದಲೇ ಎಚ್ಚರಿಸಿದ್ದರು: "ಇತರೆ ಭಾಳ ಒತ್ತಬ್ಯಾಡ್ರಿ. ಹಂತಾ ಫಾರ್ಮ್ ವಾಪಸ್ ಬರ್ತಾವ, ಮತ್ತ ನೀವ ಅಡ್ಡಾಡಬೇಕು."

ಆ ಕಾಡಿನಾಚೆಯ ಕೇರಿಗೆ ಹೋದಾಗ ರೋಜಿಗೆ ಏಳು ತುಂಬಿತ್ತು. ಭತ್ತ ಹಣ್ಣಾಗುವ ಕಾಲ. ನಾನು ನೀರು ಕೇಳಿ ಕುಡಿದೆ. ಆ ಅಭ್ಯಾಸವೊಂದು ಉಳಿದಿತ್ತು. ಟ್ಯಾಬ್ ತೆರೆದು ಕಳೆದ ಎರಡು ಗುರುವಾರ ಯಾಕೆ ಬರಲಿಲ್ಲ ಎಂದು ಕೇಳಿದೆ.

"ಬಾಯಾರ, ನಿಮ್ಮ ತಪಾಸಣಿ ಮೂರಕ್ಕ ಚಾಲೂ ಆಗತೈತಿ," ಅಂದಳು. "ನನ್ನ ಪಾಳಿ ಬರೂದ್ರಾಗ ಐದು. ಈಗ ಹೊತ್ತು ಲಗೂನ ಮುಣಗತೈತಿ. ಅಡವ್ಯಾಗ ಅರ್ಧಾ ದಾರಿಗೆ ಬರೂದ್ರಾಗ ಕತ್ತಲಿ. ಭತ್ತಕ್ಕ ಆನಿ ಇಳಿದಾವ. ಮೊನ್ನೆ ನಮ್ಮ ದೊಡ್ಡವ್ವ ಓಡಿ ಬಿದ್ದು ಕೈ ಮುರಕೊಂಡ್ಲು. ನಾ ಈ ಹೊಟ್ಟಿ ಹೊತಗೊಂಡು ಓಡಲೇನ್ರಿ? ಇಲ್ಲಾ ಆನಿಗೆ ತಾಯಿ ಕಾರ್ಡ್ ತೋರಸಲಿ?"

ಮೂಲೆಯಲ್ಲಿ ಕುಳಿತ ಜುವಾಂವ ನಕ್ಕ. ನಾನೂ ನಕ್ಕೆ. ಅವಳು ನಗದೆ ಮುಂದುವರಿಸಿದಳು. ಬೆಳಿಗ್ಗೆ ಇಟ್ಟರೆ ಕೇರಿಯ ಎಲ್ಲ ಬಸುರಿಯರೂ ಒಟ್ಟಿಗೆ ಬಂದು ಬಿಸಿಲಿರುವಾಗಲೇ ಮರಳುತ್ತೇವೆ, ಇದನ್ನು ನಿಮ್ಮ ದೊಡ್ಡವರಿಗೆ ಹೇಳಿರಿ ಎಂದಳು.

ನಾನು ಟ್ಯಾಬ್ ನೋಡಿದೆ. ಆನೆಗೆ ಜಾಗವಿಲ್ಲ. ಸಂಜೆಗೆ ಜಾಗವಿಲ್ಲ. ದೂರ ಒಪ್ಪುವುದಿಲ್ಲ. ಸಿಬ್ಬಂದಿಯ ವರ್ತನೆ ಒತ್ತಿದರೆ ನನ್ನ ಕುತ್ತಿಗೆಗೇ ಬರುತ್ತದೆ. ಇನ್ನೂ ಎರಡು ಮನೆ ಬಾಕಿ ಇದ್ದವು, ಹೊತ್ತು ಏರುತ್ತಿತ್ತು. ಅರಿವಿನ ಕೊರತೆ ಎಂಬಲ್ಲಿ ಬೆರಳು ಒತ್ತಿದೆ. ಮುಂದಿನ ಪುಟ ತೆರೆಯಿತು. ಆ ಕೇರಿಯ ಎಲ್ಲ ಮನೆಗಳಲ್ಲಿಯೂ ಮಾತು ಅದೇ, ಎಲ್ಲ ಮನೆಗಳಲ್ಲಿಯೂ ನಾನು ಒತ್ತಿದ್ದೂ ಅದನ್ನೇ. ನನ್ನ ಹತ್ತಿರ ಚೀಲದಲ್ಲಿ ಬಿ.ಪಿ. ನೋಡುವ ಯಂತ್ರ ಇರಲಿಲ್ಲ. ಸಮೀಕ್ಷೆಯ ದಿನ ಅದು ಬೇಕಿಲ್ಲ ಎಂದು ಬಿಟ್ಟು ಬಂದಿದ್ದೆ. ಗುರುವಾರ ತಪ್ಪದೆ ಬಾ ಎಂದು ರೋಜಿಗೆ ಹೇಳಿ ಎದ್ದೆ.

ಅವಳು ಬರಲಿಲ್ಲ. ಮುಂದಿನ ವಾರ ಬೆಳಗಿನ ಹೊತ್ತಿನಲ್ಲಿ ಅವಳಿಗೆ ಸೆಳವು ಬಂತು. ಜುವಾಂವ ಮತ್ತು ಕೇರಿಯವರು ಕಂಬಳಿಯಲ್ಲಿ ಹೊತ್ತು ರಸ್ತೆಗೆ ತಂದರು. ನಾನು ಓಡಿ ಹೋದೆ. ಆಂಬುಲೆನ್ಸಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಪಾದಗಳು ಉಬ್ಬಿ ಕಾಲುಂಗುರ ಒಳಗೆ ಹೂತುಹೋಗಿದ್ದವು. ತಾಯಿ ಉಳಿದಳು. ಗಂಡು ಮಗು, ಉಸಿರಿಲ್ಲದೆ ಹುಟ್ಟಿತು. ಅವಳಿಗೆ ಎಚ್ಚರವಾದಾಗ ಮಗು ಎಲ್ಲಿ ಎಂದು ಕೇಳಿದ್ದು ನನ್ನನ್ನು.

ಎರಡು ತಿಂಗಳ ಮೇಲೆ ಗುಂಪಿನ ಸಭೆ. ಈ ಸಲ ಎಲ್ಲರೂ ಎದುರಾಬದುರು ಕೂಡಿದ್ದರು. ದೊಡ್ಡ ಪರದೆಯ ಮೇಲೆ ಆ ದುಂಡು ಚಿತ್ರ ಬಂತು. ಹಳದಿ ಎಲ್ಲವನ್ನೂ ನುಂಗಿತ್ತು. ಮೇಡಂ ಕನ್ನಡದಲ್ಲಿಯೇ ನನ್ನ ಕಡೆ ತಿರುಗಿ, "ನೋಡಿ, ನಿಮ್ಮ ಭಾಗದ ಮಾಹಿತಿ ಎಷ್ಟು ಸ್ಪಷ್ಟವಾಗಿ ಬಂದಿದೆ. ಒಂದೂ ಫಾರ್ಮ್ ವಾಪಸ್ ಬಂದಿಲ್ಲ," ಎಂದರು. ಚಪ್ಪಾಳೆ ಬಿತ್ತು.

ನಾನು ಎದ್ದು ನಿಂತೆ. ಅಷ್ಟು ಜನರ ಮುಂದೆ ಅದೇ ಮೊದಲು. ತಪಾಸಣೆ ಬೆಳಿಗ್ಗೆ ಇಡಬೇಕು, ಸಂಜೆ ಆನೆ ಬರುತ್ತವೆ, ಅದಕ್ಕೇ ಹೆಂಗಸರು ಬರುವುದಿಲ್ಲ ಎಂದೆ. ಇಷ್ಟು ಹೇಳಲು ನಾನು ಬಹಳ ಹೊತ್ತು ತೆಗೆದುಕೊಂಡಿರಬೇಕು.

ಅಂಕಿಅಂಶ ನೋಡುವ ಸರ್ ಕನ್ನಡಕ ಏರಿಸಿ, "ಆನೆಯ ವಿಷಯ ಅರಣ್ಯ ಇಲಾಖೆಯವರ ಗುಂಪಿಗೆ ಕಳಿಸೋಣ," ಎಂದರು. ಎಲ್ಲರೂ ನಕ್ಕರು. ಕೆಟ್ಟ ನಗೆ ಅಲ್ಲ, ಮಧ್ಯಾಹ್ನದ ಊಟಕ್ಕೆ ಮುಂಚಿನ ನಗೆ. ಮೇಡಂ ಮಾತ್ರ ನಗಲಿಲ್ಲ. "ಆದರೆ ಅವರು ಹಾಗೆ ಹೇಳಿದ್ದರೆ ನೀವು ಇತರೆ ಎಂದು ಹಾಕಬೇಕಿತ್ತಲ್ಲ?" ಎಂದು ಮೆತ್ತಗೆ ಕೇಳಿದರು. "ನೀವೇ ಅರಿವಿನ ಕೊರತೆ ಎಂದು ಹಾಕಿದ್ದೀರಿ."

ನಿಜವೇ. ನಾನೇ ಹಾಕಿದ್ದೆ. ಅಲ್ಲಿ ಒಂದು ಮಾತು ಹೇಳಬೇಕಿತ್ತು, ನಾನು ತಪ್ಪು ಒತ್ತಿದೆ, ನನ್ನ ಕೇರಿಯ ಫಾರ್ಮ್‌ಗಳನ್ನು ತೆಗೆದುಹಾಕಿ ಎಂದು. ಶಾಂತಾಬಾಯಿ ಇದ್ದಿದ್ದರೆ ಹೇಳಿಸುತ್ತಿದ್ದರು. ನಾನು ಕುಳಿತೆ. ರಜಿಸ್ಟರಾಗಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ, ಟ್ಯಾಬಿನಲ್ಲಿ ಹಿಂದಿನ ಪುಟಕ್ಕೆ ಹೋಗಲು ಬರುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ಇವತ್ತಿನವರೆಗೂ ಹುಳಿ ತೇಗಿನಂತೆ ಬರುತ್ತದೆ.

ಕಾರಣ ಅರಿವಿನ ಕೊರತೆ ಎಂದಾದ ಮೇಲೆ ಔಷಧವೂ ಅದಕ್ಕೆ ತಕ್ಕದ್ದೇ. ಕೇರಿಗೆ ಬೀದಿ ನಾಟಕದವರು ಬಂದರು. ತಪಾಸಣೆಗೆ ಹೋಗದ ದಡ್ಡ ಬಸುರಿಯ ಪಾತ್ರ, ಅವಳಿಗೆ ಬುದ್ಧಿ ಹೇಳುವ ನರ್ಸಿನ ಪಾತ್ರ. ಮಗು ಕಳೆದುಕೊಂಡು ಆರು ತಿಂಗಳಾಗದ ರೋಜಿ ಅದನ್ನು ಬಾಗಿಲಲ್ಲಿ ನಿಂತು ನೋಡಿದಳು. ನಾಟಕದವರು ಹೋದ ಮೇಲೆ ಬಣ್ಣದವರು ಬಂದರು. ಕೇರಿಗೆ ಬರುವ ಕಾಲುದಾರಿಗೆ ಕಾಣುವ ಗೋಡೆ ರೋಜಿಯದೇ. ಅದರ ಮೇಲೆ ನೀಲಿಯಲ್ಲಿ ದೊಡ್ಡದಾಗಿ ಬರೆದರು: "ತಾಯಂದಿರೇ, ಎಚ್ಚೆತ್ತುಕೊಳ್ಳಿ. ತಪಾಸಣೆಗೆ ಬನ್ನಿ. ಪ್ರತಿ ಗುರುವಾರ ಮಧ್ಯಾಹ್ನ 3ಕ್ಕೆ."

ಮುಂದಿನ ವರ್ಷ ರೋಜಿ ಮತ್ತೆ ಬಸುರಿಯಾದಳು. ಸನವಳ್ಳಿ ಕಡೆಯಿಂದ ಆ ಕೇರಿಗೆ ಬರುತ್ತಿದ್ದ ಆಶಾ ಕಾರ್ಯಕರ್ತೆ ಸುದ್ದಿ ತಂದಳು. ಈ ಸಲ ಅವಳಾಗಿ ಬರಲಿ ಎಂದು ಕಾಯಲಿಲ್ಲ. ಐದು ತಿಂಗಳಿಂದಲೇ ಪ್ರತಿ ಮಂಗಳವಾರ ಬೆಳಿಗ್ಗೆ ಯಂತ್ರ ಚೀಲಕ್ಕೆ ಹಾಕಿಕೊಂಡು ಕಾಡು ದಾಟಿದೆ. ಅವಳ ಕೈಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಕಿವಿಗೊಟ್ಟು ಕೂರುತ್ತಿದ್ದೆ. ಮೊದಲಿನ ತಮಾಷೆ ಇರಲಿಲ್ಲ. ನೀರು ಮಾತ್ರ ಕೇಳುವ ಮೊದಲೇ ತಂದಿಡುತ್ತಿದ್ದಳು.

ಗುಂಪಿನ ಫೋನ್ ಸಭೆ ಮಂಗಳವಾರ ಬೆಳಿಗ್ಗೆಯೇ. ಕಾಡಿನಲ್ಲಿ ಫೋನ್ ಹತ್ತುವುದಿಲ್ಲ. ಮೂರು ಸಭೆ ತಪ್ಪಿಸಿದ ಮೇಲೆ ತಾಲೂಕಿನಿಂದ ನನಗೆ ನೋಟಿಸು ಬಂತು. ಸಮುದಾಯ ಸಂಶೋಧನೆಯಲ್ಲಿ ಆಸಕ್ತಿ ತೋರಿಸುತ್ತಿಲ್ಲ, ಕಾರಣ ಕೊಡಿ ಎಂದಿತ್ತು. ನಾನು ಕನ್ನಡದಲ್ಲಿ ಒಂದೂವರೆ ಪುಟ ಬರೆದು ಕೊಟ್ಟೆ. ತಪಾಸಣೆಯ ಹೊತ್ತು ಬದಲಿಸಲು ಕೋರಿದ್ದೂ ಅದರಲ್ಲಿಯೇ ಇತ್ತು. ಮೇಲ್ವಿಚಾರಕರು ಓದಿ, "ಬಾಯಾರ, ಕಾರಣ ಕೇಳಿದ್ರ ಕಾರಣಾ ಅಷ್ಟ ಬರೀರಿ. ಸಲಹಾ ಯಾರು ಕೇಳ್ಯಾರ?" ಎಂದು ಕೊನೆಯ ಅರ್ಧ ಪುಟ ಹರಿದು, ಉಳಿದದ್ದನ್ನು ಮೇಲೆ ಕಳಿಸಿದರು. ಗುಂಪಿನಿಂದ ನನ್ನ ಹೆಸರು ತೆಗೆದರು. ಯಾರೂ ಹೇಳಲಿಲ್ಲ, ಸಭೆಯ ಸಂದೇಶ ಬರುವುದು ನಿಂತಿತು.

ಎಂಟನೆಯ ತಿಂಗಳಿನ ಒಂದು ಮಂಗಳವಾರ ರೋಜಿಯ ಬಿ.ಪಿ. ಏರಿತ್ತು. ಎರಡು ಸಲ ನೋಡಿದೆ. ಕಣ್ಣು ಮಂಜಾಗುತ್ತದೆಯೇ ಎಂದು ಕೇಳಿದರೆ ಹೂಂ ಅಂದಳು. ಅಲ್ಲಿಂದಲೇ ಅವಳನ್ನು ನಡೆಸಿಕೊಂಡು ಹೊರಟೆ. ಜುವಾಂವ ಮುಂದೆ, ನಾವು ಹಿಂದೆ. ಹಾಡುಹಗಲು, ದಾರಿಯಲ್ಲಿ ಆನೆಯ ಲದ್ದಿ ಬಿಸಿಯಾಗಿಯೇ ಬಿದ್ದಿತ್ತು. ರಸ್ತೆಗೆ ಮುಟ್ಟಿ ಗಾಡಿ ಹತ್ತಿಸಿದೆ. ಆಸ್ಪತ್ರೆಯಲ್ಲಿ ಹತ್ತು ದಿನ ಇಟ್ಟುಕೊಂಡು ಹೊಟ್ಟೆ ಕೊಯ್ದು ತೆಗೆದರು. ಹೆಣ್ಣು. ಬೆಕ್ಕಿನ ಮರಿಯಷ್ಟಿತ್ತು, ದನಿ ಮಾತ್ರ ಅವಳವ್ವನದು.

ಇದನ್ನು ಓದಿ ನಿಮಗೆ ಸಂತೋಷವಾಗಬಹುದು. ನನಗೂ ಆಗಿತ್ತು, ಅವತ್ತು ಸಂಜೆಯವರೆಗೆ. ಆಮೇಲೆ ಲೆಕ್ಕ ಸಿಕ್ಕಿತು. ಎರಡನೆಯದಕ್ಕೆ ಮಾಡಿದ್ದನ್ನು ಮೊದಲನೆಯದಕ್ಕೂ ಮಾಡಬಹುದಿತ್ತು. ಯಂತ್ರ ಅದೇ, ದಾರಿ ಅದೇ, ಮಂಗಳವಾರ ಆಗಲೂ ಬರುತ್ತಿತ್ತು. ಮೇಲಿನವರನ್ನು ಬಯ್ಯುವಾಗ ಈ ಸಾಲು ನನಗೆ ಅಡ್ಡ ಬರುತ್ತದೆ.

ನಾನು ನಿವೃತ್ತಳಾದೆ. ಶಾಲು ಹೊದಿಸಿದರು, ಹಾರ ಹಾಕಿದರು, ಆ ಭಾಷಣಗಳನ್ನು ಬಿಡುತ್ತೇನೆ. ಗುಂಪಿನ ವರದಿ ಅಚ್ಚಾದಾಗ ಅದರ ಕೊನೆಯಲ್ಲಿ ಎಲ್ಲರ ಹೆಸರೂ ಇದ್ದವಂತೆ, ನಮ್ಮ ಪಾಲಿಗೆ "ಕ್ಷೇತ್ರ ಸಿಬ್ಬಂದಿಗೆ ವಂದನೆಗಳು" ಎಂದಷ್ಟೇ. ಹೆಸರಿಲ್ಲದ್ದಕ್ಕೆ ಆಗ ನನಗೆ ಬೇಜಾರಾಗಿತ್ತು. ಎಂಥ ಹೆಂಗಸು ನಾನು ನೋಡಿ.

ಪಲ್ಲವಿ ಕಳಿಸಿದ್ದು ಅದೇ ವರದಿ. ಅದು ಬಂದ ಮೇಲೆ ನಾನು ದಾಂಡೇಲಿಯಿಂದ ಬಸ್ಸು ಬದಲಿಸಿ ಬದಲಿಸಿ ಮುಂಡಗೋಡಕ್ಕೆ ಹೋದೆ. ಕ್ರಿಸ್‌ಮಸ್ಸಿಗೆ ಎಂಟು ದಿನ ಇತ್ತು. ರೋಜಿ ಗೋಡೆಗೆ ಸುಣ್ಣ ಹಚ್ಚುತ್ತಿದ್ದಳು, ಮಗಳು ಬಕೆಟ್ ಹಿಡಿದು ನಿಂತಿದ್ದಳು. ಪ್ರತಿ ವರ್ಷ ಹಚ್ಚುತ್ತಾಳಂತೆ. ಒದ್ದೆಯಿರುವಾಗ ಬೆಳ್ಳಗೆ ಕಾಣುತ್ತದೆ, ಒಣಗಿದ ಮೇಲೆ ನೀಲಿ ಅಕ್ಷರ ಮತ್ತೆ ಮೂಡುತ್ತವೆ. "ಎಚ್ಚೆತ್ತುಕೊಳ್ಳಿ" ಎಂಬುದು ಅರ್ಧ ಕಾಣುತ್ತಿತ್ತು, "ಮಧ್ಯಾಹ್ನ 3ಕ್ಕೆ" ಎಂಬುದು ಪೂರ್ತಿ.

ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟಳು. ಚಹಾ ಇಟ್ಟಳು. ನಾನು ಬಸ್ಸಿನಲ್ಲಿ ಕೂಡಿಸಿಕೊಂಡು ಬಂದ ಮಾತೆಲ್ಲ ಹಾರಿಹೋಯಿತು. ಹೇಗೋ ಹೇಳಿದೆ. ನೀನು ಆನೆಯ ವಿಷಯ ಹೇಳಿದ ದಿನ ನಾನು ಟ್ಯಾಬಿನಲ್ಲಿ ಹಾಗೆ ಬರೆಯಲಿಲ್ಲ, ನಿನಗೆ ತಿಳಿವಳಿಕೆ ಇಲ್ಲವೆಂದು ಒತ್ತಿದೆ ಎಂದೆ. ಈ ಗೋಡೆಯ ಬರಹ ಬಂದದ್ದು ಅದರಿಂದ ಎಂದೆ.

ರೋಜಿ ಕೈಗೆ ಅಂಟಿದ ಸುಣ್ಣ ಕೆರೆಯುತ್ತಿದ್ದಳು.

"ಗೊತ್ತೈತ್ರಿ," ಅಂದಳು. "ನಾ ನಿಮ್ಮ ಎದುರಿಗೆ ಕುಂತಿದ್ನೆಲ್ಲಾ. ನಾ ಅಷ್ಟ ಉದ್ದಾ ಹೇಳಿದ್ನಿ, ನೀವು ಒಂದ ಬಟ್ಟು ಒತ್ತಿದ್ರಿ. ಆವಾಗನ ಗೊತ್ತಾತು."

ಇಷ್ಟು ವರ್ಷ ಯಾಕೆ ಕೇಳಲಿಲ್ಲ ಎಂದೆ.

"ಕೇಳಿದ್ರ ನೀವು ಮಂಗಳವಾರ ಬರ್ತಿದ್ದಿಲ್ಲ," ಅಂದಳು. ಮಗಳ ತಲೆಯ ಮೇಲಿನ ಸುಣ್ಣ ಒರೆಸಿದಳು. "ಚಾ ಆರತೈತಿ, ಕುಡೀರಿ."

ಚಹಾ ಕುಡಿದೆ. ಅವಳು ಕ್ಷಮಿಸಿದಳೋ ಇಲ್ಲವೋ ಗೊತ್ತಿಲ್ಲ, ಕೇಳುವ ಧೈರ್ಯವಾಗಲಿಲ್ಲ. ಈಗ ಬಂದಿರುವ ನರ್ಸ್ ಹೇಗೆ ಎಂದಷ್ಟೇ ಕೇಳಿದೆ. ಒಳ್ಳೆಯವಳಂತೆ. ತಪಾಸಣೆ ಎಷ್ಟಕ್ಕೆ ಎಂದೆ. ರೋಜಿ ಗೋಡೆಯ ಕಡೆ ಗದ್ದ ಎತ್ತಿದಳು. ಪಕ್ಕದ ಮನೆಯಲ್ಲಿ ಅವಳ ನಾದಿನಿಗೆ ಈಗ ಆರು ತಿಂಗಳು.

ಮಹೇಶ, ನೀನು ಅಕ್ಕನಿಗೆ ಸಹಾಯ ಮಾಡು. ಈ ಬರಹವನ್ನು ಇಂಗ್ಲಿಷಿಗೆ ತಿರುಗಿಸಿ ಕೊಡು, ನಿನಗೆ ಅದು ಬರುತ್ತದೆ.

ಪಲ್ಲವಿ, ನಿಮ್ಮ ಗುಂಪಿನಲ್ಲಿ ಆ ವರದಿ ಓದುವ ಪಾಳಿ ನಿನ್ನದು ಎಂದೆಯಲ್ಲ. ನೀನು ನನ್ನ ಹಾಗಲ್ಲ, ಎದ್ದು ನಿಂತು ಮಾತಾಡುತ್ತೀ. ಶಾಂತಾಬಾಯಿಯವರ ಪೆನ್ನು ಈ ಕಾಗದದ ಜೊತೆ ಕಳಿಸಿದ್ದೇನೆ, ಹೊಸ ರೀಫಿಲ್ ಹಾಕಿಸಿದ್ದೇನೆ. ನಾಲ್ಕನೆಯ ಪುಟ ಅಚ್ಚು ಹಾಕಿಸು. ಆ ಹಳದಿಯ ಮೇಲೆ ಒಂದು ಕೆಂಪು ಗೆರೆ ಎಳೆ. ಪಕ್ಕದಲ್ಲಿ, ತಪಾಸಣೆ ಮೂರಕ್ಕೆ, ದಾರಿಯಲ್ಲಿ ಆನೆ, ಎಂದು ಬರೆ. ಅದನ್ನು ಎಲ್ಲರಿಗೂ ತೋರಿಸು. ನಕ್ಕರೆ ನಗಲಿ, ನೀನು ಕುಳಿತುಕೊಳ್ಳಬೇಡ. ರೋಜಿಯ ನಾದಿನಿಗೆ ಏಳು ತುಂಬುವ ಮೊದಲು ಒಬ್ಬರಾದರೂ ಆ ಹೊತ್ತು ಬದಲಿಸಲು ಬರೆಯುವ ತನಕ ನಿಂತಿರು.

ಗೆರೆಯ ಕೆಳಗೆ ತಪ್ಪು ಬರೆದವಳ ಪೂರ್ತಿ ಹೆಸರು ಬೇಕು. ಕ್ಷೇತ್ರ ಸಿಬ್ಬಂದಿ ಎಂದು ಬರೆಯಬೇಡ. ನನ್ನ ಹೆಸರು ಹಾಕು.